ಅಡುಗೆಕಟ್ಟೆಯ ಮೇಲಿನ ಹುಲಿಗಳು

ನಮ್ಮ ಮನೆಯವರನ್ನು ಐದಾರು ದೇಶಗಳ ಜನ ಗುರುಗಳೆಂದು ತಿಳಿದಿದ್ದರು. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಾತ್ರ ಅವರು ಹೆಂಡತಿಯ ಹೊಸ ಅಡುಗೆಕಟ್ಟೆಯನ್ನು ಕೆಡಿಸಿದ ಮನುಷ್ಯ. ಎರಡೂ ನಿಜ. ಹೆಸರು ಹೇಳುವುದಿಲ್ಲ. ಮೂವತ್ತು ವರ್ಷ ಹೇಳಲಿಲ್ಲ, ಈಗೇಕೆ?

ಎಲ್ಲ ಶುರುವಾದದ್ದು ಬಾದಾಮಿಯಲ್ಲಿ. ಬಸ್ ನಿಲ್ದಾಣದ ಕಂಟ್ರೋಲರ್ ಕೆಲಸದಿಂದ ನಿವೃತ್ತರಾದ ವರ್ಷ ಗುಹೆ ನೋಡಲು ಹೋಗಿದ್ದೆವು. ಎಲ್ಲರೂ ತಲೆಯೆತ್ತಿ ಮೂರ್ತಿ ನೋಡುತ್ತಿದ್ದರೆ ಇವರು ಕುಕ್ಕರಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದರು. ಕಾವಲುಗಾರ ಹತ್ತಿರ ಬಂದ.

“ಏನ್ ಕಳಕೊಂಡ್ರಿ, ಯಜಮಾನ್ರ?”

“ಏನೂ ಇಲ್ಲಪಾ. ಸಿಕ್ಕೈತಿ.”

ಸಿಕ್ಕಿದ್ದು, ಹಾಸುಗಲ್ಲಿನ ಮೇಲೆ ಯಾರೋ ಗೀಚಿದ ಆಡು-ಹುಲಿ ಆಟದ ಮನೆ. ಮೂರು ಹುಲಿ, ಹದಿನೈದು ಆಡು. ಆಡುಗಳನ್ನು ಒಂದೊಂದಾಗಿ ಇಡುತ್ತ ಹುಲಿಗಳನ್ನು ಕಟ್ಟಿಹಾಕಬೇಕು. ಆಡಿನ ಹಿಂದೆ ಜಾಗ ಖಾಲಿಯಿದ್ದರೆ ಹುಲಿ ಹಾರಿ ತಿನ್ನುತ್ತದೆ.

“ದೇವರನ್ನ ಪಗಾರಕ್ಕ ಕೆತ್ಯಾರ. ಇದನ್ನ ಬುತ್ತಿ ಉಂಡ ಮ್ಯಾಲೆ ಖುಷಿಗೆ ಕೆತ್ಯಾರ,” ಎಂದರು.

ಅವತ್ತಿನಿಂದ ಆಟಗಳ ಚರಿತ್ರೆಗೆ ಇವರೇ ಪಂಡಿತರು. ಫೋನಿನಲ್ಲಿ ಗುಂಡು ಹಾರಿಸುವ ಆಟಗಳ ಬಗ್ಗೆ ಅವರ ತೀರ್ಪು ಒಂದೇ ಸಾಲು: “ಚಾರ್ಜ್ ಮುಗದರ ಸಾಯೋದು ಆಟ ಅಲ್ಲ.”

ಹಾಗೆಂದು ಫೋನು ಬಿಟ್ಟರೇ? ಅದರಲ್ಲೇ ಹಳೆಯ ಆಟಗಳ ಗುಂಪೊಂದನ್ನು ಹುಡುಕಿಕೊಂಡರು. ಯಾವ ಯಾವ ದೇಶದವರೋ ಇದ್ದರು. ಇವರು ಕನ್ನಡದಲ್ಲಿ ಬರೆದದ್ದನ್ನು ಫೋನೇ ಅವರವರ ಭಾಷೆಗೆ ತಿರುಗಿಸುತ್ತಿತ್ತು. ಯಾವ ಆಟ ಎಲ್ಲಿ ಹುಟ್ಟಿತೆಂದು ಅಲ್ಲಿ ದಿನವೂ ಜಗಳ. ಬೈದಾಡಿದವರನ್ನು ಗುಂಪಿನಿಂದ ತೆಗೆದರೆ ಇವರಿಗೆ ಬೇಸರ. “ಜಗಳಾಡೋರು ಇದ್ರ ಗುಂಪು. ಎಲ್ಲಾರೂ ಹೂಂ ಅಂದ್ರ ಅದು ಭಜನಿ.”

ಆಡುವಾಗ ಯಾವಾಗಲೂ ಆಡುಗಳೇ ಇವರವು. ಏಕೆಂದು ಕೇಳಿದರೆ ಜಗತ್ತಿನ ರಾಜಕಾರಣ ಬರುತ್ತಿತ್ತು. “ಎಲ್ಲಾ ದೇಶಕ್ಕೂ ಹುಲಿ ಆಗೋ ಚಟ. ಒಮ್ಮೆ ಆಡು ಆಗಿ ಆಡಲಿ, ಬಾಜೂದವ ಎಷ್ಟು ಬೇಕಾಗ್ತಾನ ಅಂತ ತಿಳೀತೈತಿ.”

ಇನ್ನು ಕಟ್ಟೆ. ಅಡುಗೆಮನೆಗೆ ಕೆಂಪು ಗ್ರಾನೈಟ್ ನಾನೇ ಆರಿಸಿ ತಂದಿದ್ದೆ. ಸಂತೆಯಿಂದ ಬರುವಷ್ಟರಲ್ಲಿ ಕಲ್ಲು ಕೆಲಸದವನು ಅದರ ನಡುವೆ ಉಳಿ ಹೊಡೆಯುತ್ತಿದ್ದ.

“ತಮ್ಮಾ, ಏನ್ ಮಾಡಾಕತ್ತಿ?”

“ಸಾಹೇಬ್ರು ಹೇಳ್ಯಾರ್ರಿ ಅಕ್ಕಾರ. ಡಿಸೈನ್ ಅಂತ.”

ಆಡು-ಹುಲಿ ಮನೆಯ ಡಿಸೈನ್. ಸಾಹೇಬರು ಹಿಂದೆಯೇ ನಿಂತಿದ್ದರು. “ಸಾವಿರ ವರ್ಷದ ಮ್ಯಾಲೆ ಯಾರರ ನೋಡಿ, ಇಲ್ಲೆ ಇಬ್ಬರು ಆಡ್ತಿದ್ರು ಅಂತಾರ.”

“ಇಬ್ಬರು ಯಾರ್ರೀ? ನಾ ಅಂತೂ ಆಡೂದಿಲ್ಲ.”

ನಾನು ಆಡಲಿಲ್ಲ. ಗುಂಪಿನ ಒಬ್ಬ ಪರದೇಶದ ಗೆಳೆಯ ಆಡಿದ. ಗೆರೆ ಕೂಡುವ ಜಾಗಕ್ಕೆಲ್ಲ ಅಂಕಿ ಕೊಟ್ಟಿದ್ದರು. ಅಲ್ಲಿಂದ ಒಂದು ಅಂಕಿ ಬರುತ್ತಿತ್ತು, ಇಲ್ಲಿಂದ ಒಂದು ಹೋಗುತ್ತಿತ್ತು. ಒಂದು ಆಟಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನವೂ ನನ್ನ ಕಟ್ಟೆಯ ಮೇಲೆ ಮೂರು ಬಿಳಿ ಹರಳು ಹುಲಿಗಳಾಗಿ, ಹುಣಸೆಬೀಜಗಳು ಆಡುಗಳಾಗಿ ಕೂತಿರುತ್ತಿದ್ದವು. ನಾನು ರೊಟ್ಟಿ ಬಡಿದರೆ ಆಡುಗಳು ಜಾಗ ಬಿಡುತ್ತಿದ್ದವು.

“ಆಟ ಮುಗಿಯೂತನಾ ಕೆಳಗ ಕುಂತು ರೊಟ್ಟಿ ಬಡೀಬಾರದ?”

“ಮಣಕಾಲು ನಿಮ್ಮವೇನ್ರಿ?”

ಆದ್ದರಿಂದ ಬಡಿಯುವುದು ನಾನು, ಸರಿದ ಆಡುಗಳನ್ನು ಮತ್ತೆ ಸ್ವಸ್ಥಾನದಲ್ಲಿ ಇಡುವುದೂ ನಾನು.

ಒಂದು ಸಲ ಆ ಗೆಳೆಯನ ಊರಿಗೆ ಯುದ್ಧ ಬಂತು. ಅಂಕಿ ನಿಂತಿತು. ಗುಂಪಿನಲ್ಲಿ ಬೇರೆಯವರು ಯಾರು ಸರಿ, ಯಾರು ತಪ್ಪು ಎಂದು ಹೊಡೆದಾಡುತ್ತಿದ್ದರೆ, ಜಗಳ ಕಂಡರೆ ಅರಳುತ್ತಿದ್ದ ಇವರು ಒಂದು ಅಕ್ಷರ ಬರೆಯಲಿಲ್ಲ. ಆಟ ಹಾಗೇ ಇದೆ ಎಂದು ಅವನಿಗೆ ಮಾತ್ರ ದಿನಕ್ಕೊಂದು ಸಾಲು: “ಕಾಯಿ ಎತ್ತಿಲ್ಲ.” ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಹನ್ನೊಂದನೆಯ ದಿನ ಉತ್ತರ ಬಂತು. ಅಲ್ಲಿ ಕರೆಂಟಿರಲಿಲ್ಲವಂತೆ. ಅವನು ನೆಲಮಾಳಿಗೆಯಲ್ಲಿ ಸೀಮೆಸುಣ್ಣದಿಂದ ಮನೆ ಬರೆದುಕೊಂಡು, ನೆನಪಿನಿಂದ ಕಾಯಿ ಇಟ್ಟುಕೊಂಡು ಕೂತಿದ್ದನಂತೆ. ಇವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಈಚಿನ ಆಟದಲ್ಲಿ ಒಂದು ದಿನ ನನ್ನ ಬಾಯಿ ಜಾರಿತು. “ಆ ನಡೂಕಿನ ಆಡಿನ ಹಿಂದ ಖಾಲಿ ಐತಲ್ರಿ.”

ಅವರು ನನ್ನನ್ನೇ ನೋಡಿದರು. “ಮತ್ತ ಇಡು. ನೀನ ಇಡು.”

“ಕೈಗೆ ಹಿಟ್ಟು ಹತ್ತೈತಿ,” ಎಂದೆ.

“ಆತು, ನಾಳೆ ಇಡುವಂತಿ,” ಎಂದು ಬಿಟ್ಟರು.

ಮರುದಿನ ಬೆಳಿಗ್ಗೆ ಚಹಾ ಕೇಳಿದರು. ನಾನು ಚಹಾ ತರುವಷ್ಟರಲ್ಲಿ ಜೀವ ಇರಲಿಲ್ಲ.

ಮನೆ ತೊಳೆಯುವ ದಿನ ನಾದಿನಿ ಕಟ್ಟೆಗೆ ಕೈ ಹಚ್ಚಿದಳು. “ವೈನಿ, ಈ ಬೀಜ ಚೆಲ್ಲಲೇನ?”

“ಬ್ಯಾಡ,” ಎಂದೆ. ಏಕೆಂದು ನನಗೂ ಗೊತ್ತಿರಲಿಲ್ಲ.

ಬಂದವರೆಲ್ಲ ಅವರವರ ಊರಿಗೆ ಹೋದ ಮೇಲೆ, ಒಂದು ಮಧ್ಯಾಹ್ನ ಅವರ ಫೋನನ್ನು ಚಾರ್ಜಿಗೆ ಹಾಕಿದೆ. ಅದು ಸದ್ದು ಮಾಡಿತು. ಗೆಳೆಯನ ಮಾತನ್ನು ಫೋನು ಕನ್ನಡ ಮಾಡಿತ್ತು: “ಹದಿನೈದು ದಿನಗಳಾದವು. ನಿಮ್ಮ ಕಡೆ ಎಲ್ಲ ಕ್ಷೇಮವೇ? ನಾನು ಕಾಯಿ ಎತ್ತಿಲ್ಲ.” ಮೇಲೆ ಸರಿಸಿ ನೋಡಿದೆ. ದಿನಕ್ಕೊಂದರಂತೆ ಅದೇ ಸಾಲು ಇತ್ತು.

ಅಲ್ಲಿಯೂ ಯಾರೋ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿರಬೇಕು. ಒಂದೊಂದೇ ಅಕ್ಷರ ಹುಡುಕಿ ಬರೆದೆ: “ಅವರು ತೀರಿಕೊಂಡರು. ನಾನು ಅವರ ಹೆಂಡತಿ. ಕಾಯಿ ಇದ್ದಲ್ಲೇ ಇವೆ.”

ನಂತರ ಕೈ ತೊಳೆದು ಒರೆಸಿಕೊಂಡೆ. ಬಟ್ಟಲಲ್ಲಿ ಉಳಿದಿದ್ದ ನಾಲ್ಕು ಬೀಜಗಳಲ್ಲಿ ಒಂದನ್ನು ನಡುವಿನ ಆಡಿನ ಹಿಂದೆ ಇಟ್ಟು, ಅದರ ಅಂಕಿ ಕಳಿಸಿದೆ.

ಸಂಜೆ ರೊಟ್ಟಿಯನ್ನು ಕೆಳಗೆ ಕೂತು ಬಡಿದೆ.