ಸೂಜಿ ಚುಚ್ಚದ ಡಾಕ್ಟರ್‌ಬಾಯಿ

ಸರ್ಕಾರಿ ದವಾಖಾನೆಯಲ್ಲಿ ಕೂತವರಿಗೆ ನಗುವ ಪ್ರಸಂಗಗಳ ಬರ ಎಂದೂ ಬರುವುದಿಲ್ಲ. ರೋಗ ಬೇಕಾದರೆ ಒಂದು ದಿನ ರಜೆ ಹಾಕೀತು, ರೋಗಿಗಳ ಜೊತೆಗಿನ ನನ್ನ ಜಗಳ ಮಾತ್ರ ರಜೆ ಹಾಕಿದ್ದಿಲ್ಲ. ಎಂಬತ್ತರ ದಶಕದ ಕೊನೆಗೆ ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ ಡಾಕ್ಟರಾಗಿ ಹೋದೆ. ಜಗಳ ಒಂದೇ: ಅವರಿಗೆ ಎಲ್ಲದಕ್ಕೂ ಸೂಜಿ ಬೇಕು, ನಾನು ಬೇಕಿಲ್ಲದೆ ಚುಚ್ಚುವವಳಲ್ಲ.

ಹಟಕ್ಕೆ ಕಾರಣವಿತ್ತು. ಹೋದ ಮೊದಲ ಮಳೆಗಾಲದಲ್ಲೇ ಭೇದಿಯಾದ ಒಂದು ಕೂಸನ್ನು ತಂದರು. ಸಂತೆಯ ದಿನ ಮೋಟರ್‌ಸೈಕಲ್ ಮೇಲೆ ಬರುವ, ಯಾವ ಪದವಿಯೂ ಇಲ್ಲದ ಒಬ್ಬ 'ಡಾಕ್ಟರ'ನಿಂದ ಸೂಜಿಯ ಮೇಲೆ ಸೂಜಿ ಹಾಕಿಸಿದ್ದರು. ಬಾಯಿಗೆ ಮಾತ್ರ ಹನಿ ನೀರು ಬಿಟ್ಟಿರಲಿಲ್ಲ. ಕೂಸು ನನ್ನ ಮೇಜಿನ ಮೇಲೇ ಪ್ರಾಣ ಬಿಟ್ಟಿತು. ಅಂದು ಅತ್ತುಬಿಟ್ಟೆ, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೂಗಿನ ದಾರಿ

ಒಬ್ಬ ರೈತ ಬಂದವನೇ ಬೆಂಚಿನ ಮೇಲೆ ಬೋರಲಾಗಿ ಮಲಗಿ ಧೋತರ ಸಡಿಲಿಸಿದ.

"ಏನಾಗೈತ್ರಿ?" ಎಂದೆ.

"ಮೊದಲ ಸೂಜಿ ಮಾಡ್ರಿ ಬಾಯಾರ, ಆಮ್ಯಾಲ ಹೇಳ್ತೇನಿ."

ಎಬ್ಬಿಸಿ ಕೂರಿಸಿ ನೋಡಿದರೆ ಬರೀ ನೆಗಡಿ. ಒಂದು ಗುಳಿಗೆ ಕೊಟ್ಟೆ. ಅವನಿಗೆ ಸಮಾಧಾನವಿಲ್ಲ.

"ಗುಳಿಗಿ ಹೊಟ್ಟ್ಯಾಗ ಹೋಗತೈತಿ. ನೆಗಡಿ ಮೂಗಿನ್ಯಾಗ ಐತಿ. ಅದು ಇದಕ್ಕ ಹೆಂಗ ಮುಟ್ಟಬೇಕ್ರಿ?"

"ಸೂಜಿ ಮಾಡೂದು ಕುಂಡಿಗೆ. ಅಲ್ಲಿಂದ ಮೂಗು ಇನ್ನೂ ದೂರ ಐತಲ್ಲ," ಎಂದೆ. ಗೆದ್ದೆ ಅಂದುಕೊಂಡೆ.

ಆತ ಮೂಗು ಒರೆಸಿಕೊಂಡ. "ಅದಕ್ಕಲ್ಲೇನ್ರಿ ಮತ್ತ, ಔಷಧ ಹಿಂದಿಂದ ಜೋರಾಗಿ ಒತ್ತಿ ಬಿಡೂದು."

ಉಪ್ಪು, ಸಕ್ಕರೆ, ಅಜ್ಜಿ

ಮುಂದಿನ ಮಳೆಗಾಲಕ್ಕೆ ಇನ್ನೊಂದು ಕೂಸು ಬಂತು. ಅದೇ ಭೇದಿ, ಹಾಗೇ ಒಳಗೆ ಹೋದ ಕಣ್ಣು. ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಅಳತೆಯಾಗಿ ಹಾಕಿ ಚಮಚ ಹಿಡಿದೆ. ಕೂಸಿನ ಅಜ್ಜಿ ಎದ್ದು ನಿಂತಳು.

"ಉಪ್ಪು ಸಕ್ಕರಿ ನಮ್ಮನ್ಯಾಗೂ ಐತಿ. ಅದನ್ನ ಕುಡಸಾಕ ಇಲ್ಲೀತನಕ ಯಾಕ ಬರಬೇಕಿತ್ತು? ನಡಿ ಬೇ, ಸಂತ್ಯಾಗಿನ ಡಾಕ್ಟರ್ ಬಂದಿರ್ತಾನ," ಎಂದು ಸೊಸೆಯ ರಟ್ಟೆ ಹಿಡಿದಳು.

ನಾನು ಬಾಗಿಲಿಗೆ ಕುರ್ಚಿ ಅಡ್ಡ ಹಾಕಿ ಕೂತೆ. "ಕೂಸು ಉಚ್ಚಿ ಹೊಯ್ಯೂತನಕ ಯಾರೂ ಹೊರಗ ಹೋಗಂಗಿಲ್ಲ" ಎಂದೆ. ಚಮಚ ಚಮಚವಾಗಿ ಕುಡಿಸುತ್ತ ಹೋದೆವು. ಅಜ್ಜಿ ನನ್ನ ಮನೆತನವನ್ನೆಲ್ಲ ಬೈಯುತ್ತ ಹೋದಳು. ಸಂಜೆಯ ಹೊತ್ತಿಗೆ ಕೂಸು ಅಜ್ಜಿಯ ಮಡಿಲಲ್ಲೇ, ಅವಳ ಒಳ್ಳೆಯ ಇಳಕಲ್ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ನೀರು ಮೈಗೆ ಹತ್ತಿತ್ತು, ನನಗೆ ಕುಣಿಯಬೇಕೆನಿಸಿತು. ಅಜ್ಜಿ ಸೀರೆಯನ್ನು ನೋಡಲೂ ಇಲ್ಲ, ಮೊಮ್ಮಗನನ್ನು ಎದೆಗೆ ಒತ್ತಿಕೊಂಡು ಅತ್ತಳು.

ಮರುದಿನ ಅವಳೇ ಊರ ತುಂಬ ನನ್ನನ್ನು ಹೊಗಳಿದಳಂತೆ: "ಬಾಯಿ ಭಾಳ ಶಾಣ್ಯಾಕಿ ಅದಾಳ. ಸೂಜಿ ಔಷಧ ಯಾರಿಗೂ ಕಾಣದಂಗ ನೀರಾಗ ಕಲಸಿ ಕುಡಿಸಿದಳು."

ಸಾಹೇಬರ ನೆಗಡಿ

ಇಷ್ಟಾದರೂ ಮಂದಿ ಸಂತೆಯ ಡಾಕ್ಟರನ ಕಡೆಗೇ ಹೊರಳುತ್ತಿದ್ದರು. "ಬಾಯಿ ಸರ್ಕಾರದ ಸೂಜಿ ಬಚ್ಚಿಟ್ಟಾಳ" ಎಂದು ಊರ ಹಿರಿಯರು ಮೇಲೆ ದೂರು ಹೇಳಿದರು. ನಮ್ಮ ಇಲಾಖೆಯ ಸಾಹೇಬರು ಚಿಕ್ಕೋಡಿಗೆ ಕರೆಸಿದರು. ಮೈಸೂರು ಕಡೆಯವರು, ಮೂಗು ಕೆಂಪಗಾಗಿತ್ತು, ಮಾತಿಗೊಂದು ಸೀನು.

"ನೋಡಮ್ಮ, ಬಂದವರಿಗೆಲ್ಲ ಒಂದೊಂದು ಬಿ ಕಾಂಪ್ಲೆಕ್ಸ್ ಚುಚ್ಚಿ ಕಳಿಸು. ನಿನ್ನ ಗಂಟೇನು ಹೋಗುತ್ತೆ?"

ನಾನು ಬ್ಯಾಗಿನಿಂದ ಸಿರಿಂಜು ತೆಗೆದೆ. "ಆಗಲಿ ಸರ್. ನಿಮ್ಮಿಂದಲೇ ಶುರು ಮಾಡ್ತೀನಿ."

ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು. "ನೆಗಡಿಗೆ ಯಾರಾದರೂ ಸೂಜಿ ಹಾಕಿಸಿಕೊಳ್ತಾರಾ?"

"ಈ ಮಾತು ಹೇಳಿದ್ದಕ್ಕೇ ಸರ್, ನನ್ನನ್ನು ಇಲ್ಲಿಗೆ ಕರೆಸಿದ್ದೀರಿ."

ಅವರಿಗೆ ನಗು ಬಂದರೂ ನುಂಗಿಕೊಂಡರು. ದೀಪಾವಳಿಯೊಳಗೆ ದವಾಖಾನೆಗೆ ಮಂದಿ ಬರದಿದ್ದರೆ ಎತ್ತಂಗಡಿ ಖಂಡಿತ ಎಂದರು. ನಾನು ಹೋದರೆ ಆ ಊರಿನ ಕೂಸುಗಳಿಗೆ ಮೋಟರ್‌ಸೈಕಲ್‌ನವನೇ ಗತಿ. ಹೊರಡುವಾಗ ಸಾಹೇಬರು ಮೆಲ್ಲಗೆ ಕೇಳಿದರು: "ಬ್ಯಾಗಲ್ಲಿ ಗುಳಿಗೆ ಏನಾದರೂ ಇದೆಯಾ?"

"ಇದೆ ಸರ್. ನಿಮ್ಮ ನೆಗಡಿಗೆ ಅದೂ ಬೇಡ."

ದೊಡ್ಡ ಡಾಕ್ಟರು

ನನ್ನ ಮಾತು ಕೇಳದ ಮಂದಿ ನಾಟಕವನ್ನಾದರೂ ನೋಡುತ್ತಾರಲ್ಲ ಎಂದು ಊರಿನ ಸಣ್ಣಾಟದ ಮೇಳದವರನ್ನು ಹಿಡಿದೆ. ಕಳ್ಳ ಡಾಕ್ಟರನೊಬ್ಬ ಎಲ್ಲರಿಗೂ ಸೂಜಿ ಚುಚ್ಚಿ ಚುಚ್ಚಿ ಕೊನೆಗೆ ಚಪ್ಪಲಿ ಏಟು ತಿನ್ನುವ ಕಥೆ. ಪಾತ್ರ ಮಾಡಿದವನು ಊರ ಟೇಲರ್. ಬಿಳಿ ಕೋಟು, ತಂಪು ಕನ್ನಡಕ, ದನಕ್ಕೆ ಚುಚ್ಚುವ ದೊಡ್ಡ ಸಿರಿಂಜು, ಬಾಯಲ್ಲಿ ಅರ್ಧ ಮರಾಠಿ. ಮಂದಿ ಬಿದ್ದು ಬಿದ್ದು ನಕ್ಕರು. ಕೆಲಸವಾಯಿತು ಅಂದುಕೊಂಡೆ.

ಮರುದಿನ ದವಾಖಾನೆ ಖಾಲಿ. ಟೇಲರ್ ಅಂಗಡಿಯ ಮುಂದೆ ಮಂದಿ ಸಾಲುಗಟ್ಟಿ ಪಾಳಿ ಹಚ್ಚಿದ್ದರು. "ನಿನ್ನೆ ನೋಡಿದಿವಲ್ರಿ, ಕೈ ಎಷ್ಟ ಹಗುರ ಐತಿ" ಎಂದ ಪಾಳಿಯಲ್ಲಿದ್ದವನೊಬ್ಬ.

ಟೇಲರ್ ಮಷೀನಿನ ಹಿಂದೆ ಅಡಗಿದ್ದ. "ಬಾಯಾರ, ನಾ ಡಾಕ್ಟರ್ ಅಲ್ಲಂದ್ರ ಕೇಳವಲ್ರು. ದೊಡ್ಡ ಡಾಕ್ಟರು ಯಾವತ್ತೂ ತಾವು ದೊಡ್ಡಾವ್ರು ಅನ್ನಂಗಿಲ್ಲ ಅನ್ನಾಕತ್ತಾರ."

ನನ್ನ ತಲೆ ಕೆಟ್ಟಿತ್ತು. "ಹಂಗಾದ್ರ ಕೋಟು ಹಾಕ್ಕೋರಿ," ಎಂದೆ.

ಅವನು ಕೋಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತು, ನಾನು ಹೇಳಿಕೊಟ್ಟದ್ದನ್ನೇ ಗಂಭೀರವಾಗಿ ಸಾರಿದ: "ನಿಮಗ್ಯಾರಿಗೂ ಸೂಜಿ ನಡ್ಯಾಂಗಿಲ್ಲ. ಎಲ್ಲಾರೂ ಬಾಯಾರ ಕಡೆ ಹೋಗ್ರಿ." ಇಡೀ ಪಾಳಿ ಸಾಲು ಮುರಿಯದೆ ದವಾಖಾನೆಗೆ ಬಂತು. ಮುಂದೆಯೂ ಬರುತ್ತಲೇ ಇತ್ತು, ಎತ್ತಂಗಡಿಯ ಮಾತು ಅಲ್ಲಿಗೇ ನಿಂತಿತು. ಕೂಸುಗಳು ಉಪ್ಪು ಸಕ್ಕರೆ ನೀರು ಕುಡಿದು ಬದುಕಿಕೊಂಡವು.

ಹೀಗಿರುವಾಗ ಕಬ್ಬು ಕಡಿಯುತ್ತಿದ್ದವನೊಬ್ಬ ಕೊಯ್ತಾದ ಅಲಗು ಬಡಿದು ಕಾಲು ಸೀಳಿಕೊಂಡು ಬಂದ. ಗಾಯದ ತುಂಬ ಹೊಲದ ಮಣ್ಣು. ಧನುರ್ವಾಯು ಆಗದಂತೆ ಸೂಜಿ ಹಾಕಲೇಬೇಕು. ಸಿರಿಂಜು ತುಂಬಿಕೊಂಡು ತಿರುಗಿದರೆ ಆಸಾಮಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಾನೆ.

"ಸೂಜಿ ಬ್ಯಾಡ್ರಿ. ದೊಡ್ಡ ಡಾಕ್ಟರು ನಡ್ಯಾಂಗಿಲ್ಲ ಅಂದಾರ."

"ಅಂವ ಟೇಲರ್ ಅದಾನೋ. ಡಾಕ್ಟರ್ ನಾನು," ಎಂದು ಅರಚಿದೆ.

ಆತ ನನ್ನನ್ನು ಕನಿಕರದಿಂದ ನೋಡಿದ. "ನೀವೂ ಸಾಲಿ ಕಲತೀರಿ, ಇಲ್ಲನ್ನಂಗಿಲ್ರಿ. ಆದ್ರ ಚುಚ್ಚೂಕಿಂತ ಮೊದಲ ಅವರನ್ನ ಒಂದ್ ಮಾತ ಕೇಳಿ ಬರ್ರಿ. ಅಲ್ಲೀತನಕ ನಾ ಕಾಲು ಹಿಡ್ಕೊಂಡು ಕುಂತಿರ್ತೇನಿ."