ಪೇರಲ ಜಾಮ್ ಮತ್ತು ಬೆಳವಣಕಿಯ ಅಜ್ಜ

ಕೊಳ್ಳಲು ಬಂದವರನ್ನು ವಾಪಸು ಕಳಿಸುವುದಕ್ಕೇ ವ್ಯಾಪಾರ ಎನ್ನುವುದಾದರೆ, ನಮ್ಮ ಸೋದರತ್ತೆಯಂಥ ವ್ಯಾಪಾರಿ ರೋಣದಲ್ಲಷ್ಟೇ ಅಲ್ಲ, ಗಜೇಂದ್ರಗಡದವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ! ಮಹಿಳಾ ಸಂಘದವರು ನರಗುಂದದಲ್ಲಿ ನಡೆಸಿದ ಮೂರು ದಿನದ ತರಬೇತಿಗೆ ಹೋಗಿ ಪೇರಲ ಹಣ್ಣಿನ ಜಾಮ್ ಕಲಿತು ಬಂದಿದ್ದರು. ಮಾಡುವುದನ್ನು ಚೆನ್ನಾಗಿಯೇ ಕಲಿತಿದ್ದರು. ಮಾರುವ ಪಾಠದ ದಿನ ಬಹುಶಃ ನಿದ್ದೆ ಹೋಗಿರಬೇಕು.

ಬಾಟಲಿ ಕೇಳಿದವರಿಗೆಲ್ಲ ಮೊದಲು ಪರೀಕ್ಷೆ. ಒಮ್ಮೆ ಪಕ್ಕದ ಓಣಿಯ ಟೀಚರಮ್ಮ ಬಂದರು.

“ಯಾವುದಕ್ಕ ಹಚ್ಚಿ ತಿಂತೀರಿ?”

“ಬ್ರೆಡ್ಡಿಗ್ರಿ.”

“ಯಾಕ್ರಿ, ಮನ್ಯಾಗ ಯಾರಿಗೆ ಜ್ವರ ಬಂದಾವ?”

ನಮ್ಮ ಕಡೆ ಬ್ರೆಡ್ ಎಂದರೆ ಹಾಸಿಗೆ ಹಿಡಿದವರ ಊಟ, ಚಹಾದಲ್ಲಿ ಅದ್ದಿ ತಿನ್ನುವಂಥದ್ದು. ತಮ್ಮ ಜಾಮ್ ಬಿಸಿ ಚಪಾತಿ, ರೊಟ್ಟಿಯ ಜೊತೆಗೇ ಹೋಗಬೇಕೆಂದು ಅತ್ತೆಯ ಹಟ. ಟೀಚರಮ್ಮ ಬರಿಗೈಯಲ್ಲಿ ಹೋದರು.

ಅತ್ತೆಯ ಮನೆ ಇದ್ದದ್ದು ಒಂದು ದವಾಖಾನೆಯ ಪಕ್ಕದಲ್ಲಿ. ಅಲ್ಲಿಯ ಕಂಪೌಂಡರ್ ಕೊಟ್ಟ ಅಗಲ ಬಾಯಿಯ ಔಷಧಿ ಬಾಟಲಿಗಳನ್ನು ಕುದಿಸಿ, ಜಾಮ್ ತುಂಬಿ, ಮನೆಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಹಳೆಯ ಲೇಬಲ್ ಪೂರ್ತಿ ಕೆರೆದು ತೆಗೆಯಲು ಬೇಸರ. ‘ದಿನಕ್ಕೆ ಎರಡು ಚಮಚ’ ಎಂಬುದು ಅಲ್ಲಲ್ಲಿ ಉಳಿದೇ ಇರುತ್ತಿತ್ತು.

ಒಂದು ಮಧ್ಯಾಹ್ನ ಬೆಳವಣಕಿಯ ಅಜ್ಜರೊಬ್ಬರು ದವಾಖಾನೆಯಿಂದ ಹೊರಬಿದ್ದು, ಬಾಟಲಿ ನೋಡಿ, ಇದೇ ಔಷಧಿ ಅಂಗಡಿ ಎಂದುಕೊಂಡು ಡಾಕ್ಟರ ಚೀಟಿ ಚಾಚಿದರು. ಅತ್ತೆಯ ಕನ್ನಡಕ ಮನೆಯೊಳಗಿತ್ತು. ಚೀಟಿಯನ್ನು ಓದದೆ ಪಕ್ಕಕ್ಕಿಟ್ಟು ಪರೀಕ್ಷೆ ಶುರು ಮಾಡಿದರು.

“ದಿನಾ ತಿಂತೀರೇನ್ರಿ?”

“ತಪ್ಪಸಂಗೇ ಇಲ್ಲವ್ವಾ. ಜೀವಾ ಉಳೀಬೇಕಲ್ಲ?”

“ಯಾವಾಗ ತಿಂತೀರಿ?”

“ರೊಟ್ಟಿ ಉಣ್ಣೂ ಮುಂದ.”

ಜಾಮಿನ ಬೆಲೆ ಬಲ್ಲವರು ಕೊನೆಗೂ ಸಿಕ್ಕರೆಂದು ಅತ್ತೆ ಹಿಗ್ಗಿಹೋದರು. ಎರಡು ಬಾಟಲಿ ಪುಕ್ಕಟೆ ಕೊಟ್ಟು ಕಳಿಸಿದರು!

ಮರುದಿನ ಆ ಚೀಟಿ ಕಂಪೌಂಡರನ ಕಣ್ಣಿಗೆ ಬಿತ್ತು.

“ಅವ್ವಾರ, ಇದು ಸಕ್ಕರಿ ಬ್ಯಾನಿ ಗುಳಿಗಿ ಚೀಟಿ. ಆ ಅಜ್ಜಾರಿಗೆ ನೀವೇನ ಕೊಟ್ರಿ?”

ಅತ್ತೆಯ ಮುಖ ಬಿಳಿಚಿಕೊಂಡಿತು. ಚೀಟಿಯ ಮೇಲೆ ಅಜ್ಜನ ಹೆಸರು, ಊರು ಇದ್ದವು, ಫೋನ್ ನಂಬರ್ ಇರಲಿಲ್ಲ. ಚೀಟಿಯಲ್ಲಿದ್ದ ಗುಳಿಗೆ ಕೊಂಡು, ನನ್ನ ರಟ್ಟೆ ಹಿಡಿದು, ಬೆಳವಣಕಿ ಬಸ್ಸು ಹತ್ತಿಸಿದರು.

“ಎಷ್ಟ ಸಕ್ಕರಿ ಹಾಕಿದ್ದಿ ಅತ್ತಿ?” ಎಂದೆ.

“ಹಣ್ಣಿನಷ್ಟ.”

ಅತ್ತೆ ಗೊತ್ತಿದ್ದ ದೇವರಿಗೆಲ್ಲ ದಾರಿಯುದ್ದಕ್ಕೂ ಹರಕೆ ಹೊತ್ತರು. ಅಜ್ಜನ ಜೀವ ಉಳಿದರೆ ಇನ್ನು ಜಾಮ್ ಕುದಿಸುವ ಡಬರಿ ಪಾತ್ರೆಯನ್ನೇ ಮುಟ್ಟುವುದಿಲ್ಲವಂತೆ.

ಕೇಳಿಕೊಂಡು ಅಜ್ಜನ ಮನೆ ಮುಟ್ಟಿದರೆ ಬಾಗಿಲ ಮುಂದೆ ರಾಶಿ ಚಪ್ಪಲಿ! ಇಷ್ಟು ಮಂದಿ ಯಾಕೆ ಕೂಡಿದ್ದಾರೆ? ಅತ್ತೆ ಅಲ್ಲೇ ಗೋಡೆ ಹಿಡಿದು ನಿಂತು, “ನೀ ಒಳಗ ಹೋಗಿ ನೋಡು” ಎಂದರು. ನಾನು ಇಣುಕಿದೆ. ಓಣಿಯವರೆಲ್ಲ ಟಿವಿಯ ಮುಂದೆ ಕ್ರಿಕೆಟ್ ನೋಡುತ್ತಿದ್ದರು. ನಡುವೆ ಅಜ್ಜ ಶೇಂಗಾ ಸುಲಿಯುತ್ತ ಆರಾಮಾಗಿ ಕೂತಿದ್ದರು. ಅಬ್ಬಾ, ನನಗೆ ಹೋದ ಉಸಿರು ಬಂತು.

“ಆ ಬಾಟ್ಲಿದು ತಿಂದ್ರೇನ್ರಿ?” ಎಂದು ಅತ್ತೆ ನನ್ನ ಹಿಂದೆಯೇ ಒಳಗೆ ಬಂದು ಕೇಳಿದರು.

“ಒಂದ ಚಮಚ ನೆಕ್ಕಿ ಬಿಟ್ಟೆ. ಹತ್ತ ವರ್ಷ ಗುಳಿಗಿ ನುಂಗಿದಾಂವ ಅದೀನಿ. ಔಷಧ ಇಷ್ಟ ರುಚಿ ಇರತದೇನವ್ವಾ? ಮೊಮ್ಮಕ್ಕಳು ನಿನ್ನೇನ ಎರಡೂ ಖಾಲಿ ಮಾಡಿದ್ವು.”

ಮೊಮ್ಮಕ್ಕಳು ಯಾವುದಕ್ಕೆ ಹಚ್ಚಿ ತಿಂದರೆಂದು ಅತ್ತೆ ಕೇಳಲೇ ಇಲ್ಲ. ತಾವೇ ನೀರು ತರಿಸಿ, ಗುಳಿಗೆ ಅಜ್ಜನ ಅಂಗೈಗೆ ಹಾಕಿ, ಅದು ಗಂಟಲಿಳಿಯುವವರೆಗೆ ಎದುರಿಗೇ ನಿಂತರು. ಆಮೇಲೆ ಹೊಸ್ತಿಲ ಬಳಿ ಕುಸಿದು ಕೂತು ಅಳತೊಡಗಿದರು. ಟಿವಿಯ ಮುಂದಿದ್ದವರೆಲ್ಲ ಇತ್ತ ತಿರುಗಿದರು.

ಅಜ್ಜ ಎದ್ದು ಬಂದು ಪಕ್ಕದಲ್ಲಿ ಕೂತರು. “ಅಳಬ್ಯಾಡ ತಂಗಿ. ಎರಡೂ ಬಾಟ್ಲಿ ತಿಂದು ಸತ್ತಿದ್ದರೂ, ಮ್ಯಾಲ ಯಾರ ಕೇಳಿದ್ರೂ ನಿನ್ನ ಹೆಸರ ಹೇಳತಿದ್ದಿಲ್ಲ.”

ಅತ್ತೆ ಅಳುತ್ತಲೇ ನಕ್ಕರು. ಮಾವ ತೀರಿಕೊಂಡ ದಿನವೂ ಒಂದು ಹನಿ ಕಣ್ಣೀರು ಹಾಕದೆ, ಬಂದವರಿಗೆಲ್ಲ ಚಹಾ ಮಾಡಿ ಕೊಟ್ಟವರು ಅವರು. ಆ ಹೆಂಗಸಿನೊಳಗೆ ಇಷ್ಟು ಅಳು ಇತ್ತೆಂದು ನನಗೆ ಗೊತ್ತಿರಲಿಲ್ಲ. ಅವರನ್ನು ಆಡಿಕೊಂಡು ನಕ್ಕಿದ್ದಕ್ಕೆಲ್ಲ ನಾಚಿಕೆಯಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಕೂತರು. ರೋಣದಲ್ಲಿ ಇಳಿದ ಮೇಲೂ ಬಿಡಲಿಲ್ಲ. ಬಿಡಿಸಿಕೊಳ್ಳಲು ನನಗೂ ಮನಸ್ಸಾಗಲಿಲ್ಲ.