ತಲೆಯೊಳಗಿನ ಬೈಠಕ್

ತಪ್ಪು ನನ್ನದೇ. ಹೆಣ್ಣು ನೋಡಲು ಹೋದವನು ಅವಲಕ್ಕಿ ತಿಂದು, ಚಹಾ ಕುಡಿದು ಸುಮ್ಮನೆ ಎದ್ದು ಬರಬೇಕು. ಸುರೇಬಾನದಲ್ಲಿ ಹುಡುಗಿಯ ಅಪ್ಪ ಒಳಗೆ ಹೋದದ್ದೇ ತಡ, ಅವರು ಕೆಮ್ಮಿ, ಮೀಸೆ ತೀಡಿ, "ಹೊಲಾ ಎಷ್ಟ ಐತ್ರೀ?" ಎಂದು ಕೇಳಿದ್ದನ್ನು ನಾನು ಹಾಗೆಯೇ ಮಾಡಿ ತೋರಿಸಿದೆ. ಜೊತೆಗೆ ಬಂದಿದ್ದ ಅವ್ವ, ಅಕ್ಕ, ಕಾಕಾ ಮೂವರೂ ತಲೆ ತಗ್ಗಿಸಿದರು. ಹುಡುಗಿ ಸುಮಾ ಮಾತ್ರ ತಲೆ ಎತ್ತಿ, ಗಂಭೀರವಾಗಿ, "ಕೆಮ್ಮು ಇನ್ನೊಂಚೂರು ಉದ್ದ ಬೇಕ್ರಿ" ಎಂದಳು.

ಅಷ್ಟಾದರೂ ಸಂಬಂಧ ಮುರಿಯಲಿಲ್ಲ. ಶನಿವಾರ ಸಂಜೆಯೊಳಗೆ ಹೇಳದಿದ್ದರೆ ರಾಮದುರ್ಗದ ವರನಿಗೆ ಮಾತು ಕೊಡುತ್ತೇವೆಂದು ಅವರ ಕಡೆಯಿಂದ ಸುದ್ದಿ ಬಂತು.

ಎಲ್ಲರ ದನಿ ತೆಗೆದು ಅಣಕಿಸುವ ಚಟವಿದ್ದವನಿಗೆ ಒಂದು ಕಷ್ಟವಿದೆ. ಮಂದಿ ಮನೆಗೆ ಹೋದರೂ ಅವರ ದನಿಗಳು ಹೋಗುವುದಿಲ್ಲ, ತಲೆಯಲ್ಲೇ ಬೈಠಕ್ ಹಾಕುತ್ತವೆ. ಅವ್ವ, "ಬಂಗಾರದಂಥಾ ಹುಡುಗಿ, ಹೂಂ ಅಂದಬಿಡೋ." ಕಾಕಾ, "ಗಡಿಬಿಡಿ ಮಾಡಬ್ಯಾಡಪಾ, ಇನ್ನೂ ನಾಕ್ ಕಡೆ ನೋಡೂಣು." ಅಕ್ಕ, "ಇಂವನ್ನ ಒಪ್ಯಾರಂದ್ರ ಅವರನ್ನ ಮದಲ ಡಾಕ್ಟರಿಗೆ ತೋರಸ್ರಿ." ಈ ಗದ್ದಲದಲ್ಲಿ ಯರಗಟ್ಟಿಯ ನಮ್ಮ ಪೈಪಿನ ಅಂಗಡಿಯಲ್ಲಿ ಅರ್ಧ ಇಂಚು ಕೇಳಿದವರಿಗೆ ಎರಡು ಇಂಚಿನದು ಕೊಟ್ಟೆ. ಅವರು ಬೈದರು, ಆ ಬೈಗುಳವೂ ಅವರದೇ ದನಿಯಲ್ಲಿ ಬೈಠಕ್ ಸೇರಿಕೊಂಡಿತು.

ಶನಿವಾರ ಮಧ್ಯಾಹ್ನ ಬೇರೆ ದಾರಿ ಕಾಣದೆ ಮೊಬೈಲಿನ ಎಐ ಮುಂದೆ ಎಲ್ಲ ತೋಡಿಕೊಂಡೆ. ಚಟ ಬಿಡಬೇಕಲ್ಲ! ಅವ್ವನ ಮಾತು ಅವ್ವನ ದನಿಯಲ್ಲಿ, ಕಾಕಾನದು ಕಾಕಾನ ದನಿಯಲ್ಲಿ. ಅದು ಸಮಾಧಾನದಿಂದ ಕೇಳಿ, ಪಠ್ಯಪುಸ್ತಕದ ಕನ್ನಡದಲ್ಲಿ, "ಮೂವರ ಅಭಿಪ್ರಾಯ ಕೇಳಿದೆ. ಇವರಲ್ಲಿ ಮದುವೆಯಾಗುವವರು ಯಾರು?" ಎಂದಿತು.

"ನಾನ್ರೀ" ಎಂದೆ, ಸಣ್ಣಗೆ.

"ನೀವಿನ್ನೂ ಮಾತನಾಡಿಲ್ಲ. ಆ ಹುಡುಗಿ ಬೇರೆಯವರನ್ನು ಮದುವೆಯಾದರೆ ನಿಮಗೆ ಹೇಗನ್ನಿಸುತ್ತದೆ?"

ಹೇಗನ್ನಿಸುತ್ತದೆ? ಆ ರಾಮದುರ್ಗದವನಿಗೆ ನೆಟ್ಟಗೆ ಕೆಮ್ಮಲಿಕ್ಕಾದರೂ ಬರುತ್ತದೆಯೋ ಇಲ್ಲವೋ! ತಲೆಯೊಳಗಿನ ಮಂದಿಯೆಲ್ಲ ಎದ್ದು ಚಪ್ಪಲಿ ಹುಡುಕತೊಡಗಿದರು.

ಅಕ್ಕನಿಂದ ನಂಬರ್ ಇಸಿದುಕೊಂಡು, ಅಂಗಡಿಯ ಶಟರ್ ಅರ್ಧ ಎಳೆದು, ನೇರ ಸುಮಾಗೇ ಫೋನ್ ಹಚ್ಚಿದೆ. ನನ್ನ ಹೆಸರು ಹೇಳುವಷ್ಟು ಧೈರ್ಯವಿತ್ತು. ಆಕೆ "ಹೇಳ್ರಿ" ಎಂದದ್ದೇ ಆ ಧೈರ್ಯವೂ ಮುಗಿಯಿತು. ಆಗ ಈ ಶೂರ ಮಾಡಿದ್ದೇನು? ಕಾಕಾನ ಗಡಸು ದನಿ ತೆಗೆದ: "ನಮ್ಮ ಹುಡುಗಗ ನಿಮ್ಮ ಸಂಬಂಧ ಪಸಂದ ಐತ್ರೀ."

ಆ ಕಡೆಯಿಂದ ಸುಮಾಳ ಉತ್ತರ ಬಂತು:

"ನಿಮ್ಮ ಕಾಕಾರದು ಮದಿವಿ ಆಗೇತಲ್ರೀ. ನಿಮ್ಮ ದನಿಯಾಗ ಹೇಳ್ರಿ, ಹೂಂ ಅಂತೇನಿ."